ನ್ಯಾಯಾಲಯದಲ್ಲಿ ಇತಿಹಾಸಕಾರ: ತಜ್ಞಸಾಕ್ಷ್ಯದ ವರದಿ ಮತ್ತು ಅದರ ಪರೀಕ್ಷೆ

೧. ವಿಷಯ ಪ್ರವೇಶ

ಇತಿಹಾಸಕಾರನ ಬರಹವನ್ನು ಸಾಮಾನ್ಯವಾಗಿ ಓದುವವರು ಅವನ ವಿದ್ಯಾರ್ಥಿಗಳು ಮತ್ತು ಸಹವ್ಯಾಸಂಗಿಗಳು. ಅವನ ನಿರ್ಣಯ ಅವರಿಗೆ ಒಪ್ಪಿಗೆಯಾಗದಿದ್ದರೆ ಪ್ರತಿಯಾಗಿ ಮತ್ತೊಂದು ಲೇಖನವನ್ನು ಬರೆಯುತ್ತಾರೆ. ಚರ್ಚೆ ವರ್ಷಗಟ್ಟಲೆ ಸಾಗುತ್ತದೆ. ಆದರೆ ಅದರಿಂದ ಯಾರ ಭೂಮಿಯೂ ಕೈತಪ್ಪಿಹೋಗುವುದಿಲ್ಲ. ಅದೇ ಇತಿಹಾಸಕಾರನು ತಜ್ಞಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತಾಗ ಪರಿಸ್ಥಿತಿ ಬೇರೆಯಾಗುತ್ತದೆ. ಅವನ ಒಂದೊಂದು ವಾಕ್ಯವನ್ನೂ ಅಲುಗಿಸಿ ನೋಡುವುದಕ್ಕಾಗಿಯೇ ಸಿದ್ಧನಾಗಿ ಬಂದ ವಕೀಲನು ಎದುರಿಗಿರುತ್ತಾನೆ. ಆ ವಿಷಯದಲ್ಲಿ ವಿಶೇಷ ವ್ಯಾಸಂಗವಿಲ್ಲದ ನ್ಯಾಯಾಧೀಶನು ಎರಡು ಪಕ್ಷಗಳನ್ನೂ ಕೇಳಿ ನಿರ್ಣಯಕ್ಕೆ ಬರಬೇಕಾಗಿರುತ್ತದೆ. ಆ ನಿರ್ಣಯದ ಫಲವನ್ನು ಉಣ್ಣುವವರು ಮಾತ್ರ ಇವರಿಬ್ಬರೂ ಅಲ್ಲದ ಮೂರನೆಯವರು.

ಇದು ದೂರದ ವಿಷಯವೆಂದು ನಮ್ಮ ಕಾಲೇಜುಗಳ ಅಧ್ಯಾಪಕರು ಭಾವಿಸಬೇಕಾದುದಿಲ್ಲ. ದೇವಾಲಯದ ಹಕ್ಕು, ಇನಾಮು ಭೂಮಿ, ಊರಿನ ಎಲ್ಲೆ, ಮನೆತನದ ಸನದು ಮುಂತಾದ ವ್ಯಾಜ್ಯಗಳಲ್ಲಿ ಶಿಲಾಶಾಸನವನ್ನೋ ತಾಮ್ರಪಟವನ್ನೋ ಮೋಡಿ ಲಿಪಿಯ ಕಾಗದವನ್ನೋ ಓದಿ ಹೇಳಬಲ್ಲವರು ಬೇಕಾಗುತ್ತಾರೆ. ಅಂಥ ಸಂದರ್ಭದಲ್ಲಿ ತಜ್ಞನ ವರದಿ ಹೇಗಿರಬೇಕು, ಯಾವ ವರದಿ ಪಾಟೀಸವಾಲಿನಲ್ಲಿ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದನ್ನು ಕೆಲವು ನಿಜವಾದ ಮೊಕದ್ದಮೆಗಳ ಆಧಾರದಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳುವುದಾದರೆ, ತಜ್ಞನ ಮಾತು ನಿಲ್ಲುವುದು ಅವನ ಪಾಂಡಿತ್ಯದ ಬಲದಿಂದಲ್ಲ. ಅವನು ನಡೆದು ಬಂದ ದಾರಿಯಲ್ಲಿ ನ್ಯಾಯಾಧೀಶನೂ ನಡೆದು ನೋಡಲು ಸಾಧ್ಯವಾಗುವುದರಿಂದ.

೨. ಪ್ರಮಾಣವನ್ನು ಪರೀಕ್ಷಿಸುವ ಹಳೆಯ ಪದ್ಧತಿ

ಲಿಖಿತವನ್ನು ಪರೀಕ್ಷೆಗೆ ಒಡ್ಡುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಮಾನುಷ ಪ್ರಮಾಣಗಳನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಈ ಪ್ರಮಾಣಗಳ ಬಲಾಬಲವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಖೋಟಾ ದಾನಪತ್ರಕ್ಕೆ ‘ಕೂಟಶಾಸನ’ ಎಂಬ ಪಾರಿಭಾಷಿಕ ಪದವೇ ನಮ್ಮಲ್ಲಿತ್ತು. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲಿ ಇದಕ್ಕೊಂದು ಸ್ಪಷ್ಟ ನಿದರ್ಶನವಿದೆ. ವಾಮರಥ್ಯನೆಂಬ ಬ್ರಾಹ್ಮಣನು ಸೋಮಕುಂಡಕಾ ಗ್ರಾಮವನ್ನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದು ವಿಚಾರಣೆಯಿಂದ ತಿಳಿದು, ಆ ಶಾಸನವನ್ನು ಮುರಿಸಿ, ಗ್ರಾಮವನ್ನು ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಟ್ಟ ವಿಷಯವನ್ನು ಅದು ದಾಖಲಿಸುತ್ತದೆ.

ಕರ್ಣಾಟಕದ ಶಾಸನಾಭ್ಯಾಸಿಗಳಿಗೆ ಗಂಗರ ತಾಮ್ರಪಟಗಳ ವಿವಾದ ಸುಪರಿಚಿತ. ಬಿ. ಎಲ್. ರೈಸ್ ಅವರು ಪ್ರಕಟಿಸಿದ ಪಟಗಳಲ್ಲಿ ಅನೇಕವನ್ನು ಜೆ. ಎಫ್. ಫ್ಲೀಟ್ ಅವರು ಕೂಟವೆಂದು ಸಾರಿದರು. ತಿಥಿವಾರಗಳ ಗಣನೆ, ಲಿಪಿಯ ಕಾಲ, ಭಾಷೆಯ ಶುದ್ಧಾಶುದ್ಧತೆ, ವಂಶಾವಳಿಯ ಹೊಂದಾಣಿಕೆ ಇವೇ ಅಲ್ಲಿ ಪರೀಕ್ಷೆಯ ಒರೆಗಲ್ಲುಗಳಾಗಿದ್ದವು. ಉಭಯ ವಿದ್ವಾಂಸರೂ ತಮ್ಮ ಕಾರಣಗಳನ್ನು ಮುಚ್ಚಿಡಲಿಲ್ಲ. ಆದುದರಿಂದಲೇ ಮುಂದಿನವರು ಆ ವಾದವನ್ನು ಒಂದೊಂದು ಪಟದ ಮಟ್ಟದಲ್ಲಿ ಮತ್ತೆ ತೂಗಿನೋಡಲು ಸಾಧ್ಯವಾಯಿತು.

ಬ್ರಿಟಿಷರ ಆಳಿಕೆಯ ಆರಂಭದಲ್ಲಿ ಹಿಂದೂ ಧರ್ಮಶಾಸ್ತ್ರದ ವಿಷಯವಾಗಿ ನ್ಯಾಯಾಲಯಗಳಿಗೆ ವ್ಯವಸ್ಥೆಗಳನ್ನು, ಎಂದರೆ ಲಿಖಿತ ಅಭಿಪ್ರಾಯಗಳನ್ನು, ಕೊಡುತ್ತಿದ್ದವರು ಪಂಡಿತರು. ಅವರನ್ನು ಆ ಕಾಲದ ತಜ್ಞರೆನ್ನಬಹುದು. ೧೭೮೩ರಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿ ಬಂದ ಸರ್ ವಿಲಿಯಂ ಜೋನ್ಸ್ ಮೂಲಗ್ರಂಥವನ್ನು ತಾನು ಓದಲಾರದೆ ಪಂಡಿತರ ಮಾತಿಗೇ ಕಟ್ಟುಬೀಳುವುದನ್ನು ಸಹಿಸದೆ ಸಂಸ್ಕೃತವನ್ನು ಕಲಿಯತೊಡಗಿದನು. ಅವನ ಸಂಶಯ ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದು ಬೇರೆ ಪ್ರಶ್ನೆ. ತನಗೆ ಪರೀಕ್ಷಿಸಲು ಬಾರದ ಅಭಿಪ್ರಾಯವನ್ನು ನ್ಯಾಯಾಧೀಶನು ನೆಮ್ಮದಿಯಿಂದ ಒಪ್ಪಲಾರನೆಂಬ ತತ್ತ್ವವಂತೂ ಇಲ್ಲಿ ವ್ಯಕ್ತವಾಗುತ್ತದೆ. ಪಂಡಿತರ ಹುದ್ದೆ ೧೮೬೪ರಲ್ಲಿ ರದ್ದಾಯಿತು. ಆ ತತ್ತ್ವ ಉಳಿಯಿತು.

೩. ಕಾನೂನಿನ ಅಪೇಕ್ಷೆ

ಸಾಮಾನ್ಯ ಸಾಕ್ಷಿಯು ತಾನು ಕಂಡುದನ್ನು ಕೇಳಿದುದನ್ನು ಮಾತ್ರ ಹೇಳಬೇಕು. ತನ್ನ ಅಭಿಪ್ರಾಯವನ್ನು ಹೇಳಕೂಡದು. ತಜ್ಞನು ಈ ನಿಯಮಕ್ಕೆ ಅಪವಾದ. ೧೮೭೨ರ ಇಂಡಿಯನ್ ಎವಿಡೆನ್ಸ್ ಆಕ್ಟಿನ ೪೫ನೆಯ ಕಲಮು ವಿದೇಶೀ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಗುರುತು ಇವುಗಳಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯವನ್ನು ಪ್ರಸ್ತುತವೆಂದು ಎಣಿಸುತ್ತಿತ್ತು. ಅದರ ಸ್ಥಾನದಲ್ಲಿ ೨೦೨೪ನೆಯ ಜುಲೈ ೧ರಂದು ಜಾರಿಗೆ ಬಂದ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದ ೩೯ನೆಯ ಕಲಮು ಈ ಪಟ್ಟಿಗೆ ‘ಇತರ ಯಾವುದೇ ಕ್ಷೇತ್ರ’ವನ್ನೂ ಸೇರಿಸಿದೆ. ಅಭಿಪ್ರಾಯ ಮಾತ್ರವಲ್ಲದೆ ಅದಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತವೆಂದು ಹಳೆಯ ಅಧಿನಿಯಮದ ೫೧ನೆಯ ಕಲಮಿನಲ್ಲಿತ್ತು. ಹೊಸದರಲ್ಲಿಯೂ ಅದು ಉಳಿದಿದೆ. ಸಾರ್ವಜನಿಕ ಇತಿಹಾಸದ ವಿಷಯಗಳಲ್ಲಿ ನ್ಯಾಯಾಲಯವು ಯೋಗ್ಯ ಗ್ರಂಥಗಳ ನೆರವನ್ನು ಪಡೆಯಬಹುದೆಂದೂ ವಿಧಿಸಲಾಗಿದೆ.

ಆದರೆ ತಜ್ಞನ ಮಾತು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಹಿಮಾಚಲ ಪ್ರದೇಶ ರಾಜ್ಯ ಮತ್ತು ಜಯಲಾಲ್ ಎಂಬ ಮೊಕದ್ದಮೆಯಲ್ಲಿ ೧೯೯೯ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತಜ್ಞನ ಕರ್ತವ್ಯವನ್ನು ಸ್ಪಷ್ಟಪಡಿಸಿತು. ನಿರ್ಣಯವನ್ನು ಪರೀಕ್ಷಿಸುವ ಮಾನದಂಡಗಳನ್ನು ನ್ಯಾಯಾಧೀಶನಿಗೆ ಒದಗಿಸಬೇಕು. ಅವುಗಳನ್ನು ಸಾಬೀತಾದ ಸಂಗತಿಗಳಿಗೆ ಅನ್ವಯಿಸಿ ನ್ಯಾಯಾಧೀಶನು ಸ್ವತಂತ್ರವಾಗಿ ತೀರ್ಮಾನಿಸುವಂತಿರಬೇಕು ಎಂಬುದು ಆ ವಿವರಣೆಯ ಸಾರ. ಇಂಗ್ಲೆಂಡಿನಲ್ಲಿ ‘ಇಕೇರಿಯನ್ ರೀಫರ್’ ಎಂಬ ಹಡಗಿನ ವಿಮೆಯ ಮೊಕದ್ದಮೆಯಲ್ಲಿ ೧೯೯೩ರಲ್ಲಿ ನ್ಯಾಯಮೂರ್ತಿ ಕ್ರೆಸ್‌ವೆಲ್ ಅವರು ತಜ್ಞನ ಕರ್ತವ್ಯಗಳನ್ನು ಪಟ್ಟಿಮಾಡಿದರು. ಅಭಿಪ್ರಾಯ ಸ್ವತಂತ್ರವಾಗಿರಬೇಕು, ತನಗೆ ಪ್ರತಿಕೂಲವಾದ ಸಂಗತಿಗಳನ್ನು ಬಿಡಬಾರದು, ತನ್ನ ಕ್ಷೇತ್ರದ ಹೊರಗಿನ ಪ್ರಶ್ನೆ ಬಂದರೆ ಹಾಗೆಂದು ಹೇಳಬೇಕು, ಸಾಕಷ್ಟು ಆಧಾರವಿಲ್ಲದಿದ್ದರೆ ಅಭಿಪ್ರಾಯವು ತಾತ್ಕಾಲಿಕವೆಂದು ಸೂಚಿಸಬೇಕು. ೧೯೯೯ರಲ್ಲಿ ಅಲ್ಲಿ ಜಾರಿಗೆ ಬಂದ ಸಿವಿಲ್ ವ್ಯವಹಾರದ ನಿಯಮಗಳು ತಜ್ಞನ ಮೊದಲ ಋಣ ನ್ಯಾಯಾಲಯಕ್ಕೇ ಹೊರತು ಸಂಭಾವನೆ ಕೊಟ್ಟ ಪಕ್ಷಕ್ಕಲ್ಲವೆಂದು ವಿಧಿಸಿದವು. ಅಮೆರಿಕದಲ್ಲಿ ಪರೀಕ್ಷೆ ಇನ್ನೂ ಮುಂಚಿತವಾಗಿ ನಡೆಯುತ್ತದೆ. ೧೯೯೩ರ ಡಾಬರ್ಟ್ ತೀರ್ಪಿನ ತರುವಾಯ ಅಲ್ಲಿಯ ಸಂಯುಕ್ತ ನ್ಯಾಯಾಲಯಗಳ ನ್ಯಾಯಾಧೀಶರು ತಜ್ಞನ ವಿಧಾನವು ನಂಬಿಕೆಗೆ ಅರ್ಹವೇ ಎಂಬುದನ್ನು ಮೊದಲು ನೋಡಿ, ಅಲ್ಲವೆಂದು ಕಂಡರೆ ಅವನ ಸಾಕ್ಷ್ಯವನ್ನೇ ಒಳಗೆ ಬಿಡುವುದಿಲ್ಲ.

೪. ಲಂಡನ್ನಿನ ಮೊಕದ್ದಮೆ

ಇತಿಹಾಸಕಾರರ ತಜ್ಞಸಾಕ್ಷ್ಯವು ಅತ್ಯಂತ ದೀರ್ಘವಾದ ಪರೀಕ್ಷೆಗೆ ಒಳಗಾದ ಮೊಕದ್ದಮೆಗಳಲ್ಲಿ ಇರ್ವಿಂಗ್ ಮತ್ತು ಪೆಂಗ್ವಿನ್ ಬುಕ್ಸ್, ಲಿಪ್‌ಸ್ಟಾಟ್ ಎಂಬುದು ಮುಖ್ಯವಾದುದು. ಅಮೆರಿಕದ ಪ್ರಾಧ್ಯಾಪಕಿ ಡೆಬೊರಾ ಲಿಪ್‌ಸ್ಟಾಟ್ ಅವರು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಟ್ಲರನ ಆಳಿಕೆಯಲ್ಲಿ ನಡೆದ ಯೆಹೂದ್ಯರ ಸಾಮೂಹಿಕ ಹತ್ಯೆಯನ್ನು ಅಲ್ಲಗಳೆಯುವವರಲ್ಲಿ ಡೇವಿಡ್ ಇರ್ವಿಂಗ್ ಎಂಬ ಆಂಗ್ಲ ಲೇಖಕನೂ ಒಬ್ಬನೆಂದೂ ಅವನು ಆಧಾರಗಳನ್ನು ತಿರುಚುವವನೆಂದೂ ಬರೆದಿದ್ದರು. ೧೯೯೬ರಲ್ಲಿ ಇರ್ವಿಂಗ್ ಮಾನನಷ್ಟದ ದಾವೆಯನ್ನು ಹೂಡಿದನು. ಇಂಗ್ಲಿಷ್ ಕಾನೂನಿನ ಪ್ರಕಾರ ಬರೆದುದು ನಿಜವೆಂದು ಸ್ಥಾಪಿಸುವ ಹೊಣೆ ಪ್ರತಿವಾದಿಗಳದು. ಆ ಹೊಣೆಯನ್ನು ಹೊರಲು ಅವರು ಇತಿಹಾಸಕಾರರನ್ನು ಆಶ್ರಯಿಸಿದರು. ಕೇಂಬ್ರಿಜ್‌ನ ರಿಚರ್ಡ್ ಇವಾನ್ಸ್, ಆಷ್‌ವಿಟ್ಸ್ ಶಿಬಿರದ ಕಟ್ಟಡಗಳ ಇತಿಹಾಸವನ್ನು ಬಲ್ಲ ರಾಬರ್ಟ್ ಯಾನ್ ವಾನ್ ಪೆಲ್ಟ್, ಕ್ರಿಸ್ಟೋಫರ್ ಬ್ರೌನಿಂಗ್, ಪೀಟರ್ ಲಾಂಗರಿಖ್ ಮೊದಲಾದವರು ವರದಿಗಳನ್ನು ಬರೆದುಕೊಟ್ಟರು. ವಿಚಾರಣೆ ೨೦೦೦ದ ಜನವರಿ ೧೧ರಂದು ಆರಂಭವಾಯಿತು. ಇರ್ವಿಂಗ್ ವಕೀಲನನ್ನು ನೇಮಿಸಿಕೊಳ್ಳದೆ ತಾನೇ ವಾದಿಸಿ, ತಜ್ಞರಿಗೆ ತಾನೇ ಪಾಟೀಸವಾಲು ಹಾಕಿದನು.

ಇವಾನ್ಸರ ವರದಿ ೭೦೦ ಪುಟಗಳಿಗೂ ಮಿಕ್ಕಿದುದು. ಅದರ ಬಲವಿದ್ದುದು ಗಾತ್ರದಲ್ಲಲ್ಲ, ವಿಧಾನದಲ್ಲಿ. ಹತ್ಯೆ ನಡೆಯಿತೆಂದು ಮತ್ತೊಮ್ಮೆ ಸಾಧಿಸಲು ಅವರು ಹೊರಡಲಿಲ್ಲ. ತಮ್ಮ ಮುಂದಿದ್ದ ಪ್ರಶ್ನೆಯನ್ನು ಕಿರಿದು ಮಾಡಿಕೊಂಡರು. ಇರ್ವಿಂಗ್ ತನ್ನ ಪುಸ್ತಕಗಳಲ್ಲಿ ಉಲ್ಲೇಖಿಸಿದ ದಸ್ತಾವೇಜುಗಳು ನಿಜವಾಗಿ ಏನನ್ನು ಹೇಳುತ್ತವೆ? ಇಬ್ಬರು ಯುವ ಸಂಶೋಧಕರ ನೆರವಿನಿಂದ ಅವನ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋದರು. ಮೂಲವನ್ನೂ ಇರ್ವಿಂಗನ ನಿರೂಪಣೆಯನ್ನೂ ಎದುರುಬದುರಾಗಿ ಇರಿಸಿದರು.

ಇದರ ಸ್ವರೂಪ ತಿಳಿಯಲು ಎರಡು ನಿದರ್ಶನಗಳು ಸಾಕು. ಮೊದಲನೆಯದು ೧೯೪೧ನೆಯ ನವೆಂಬರ್ ೩೦ರಂದು ಹಿಮ್ಲರನು ತನ್ನ ದೂರವಾಣಿ ಸಂಭಾಷಣೆಯ ದಾಖಲೆಯಲ್ಲಿ ಗುರುತುಹಾಕಿಕೊಂಡ ಒಂದು ಟಿಪ್ಪಣಿ. ಬರ್ಲಿನ್ನಿನಿಂದ ಹೊರಟ ಯೆಹೂದ್ಯರ ಒಂದು ಸಾಗಣೆ, ಅದನ್ನು ಕೊಲ್ಲುವುದಿಲ್ಲ, ಎಂಬಷ್ಟೇ ಅದರ ಅರ್ಥ. ಯೆಹೂದ್ಯರನ್ನು ಕೊಲ್ಲಕೂಡದೆಂದು ಹಿಟ್ಲರನು ಸಾಮಾನ್ಯವಾದ ಆಜ್ಞೆ ಮಾಡಿದನೆಂಬುದಕ್ಕೆ ಇರ್ವಿಂಗ್ ಇದನ್ನು ಆಧಾರವಾಗಿ ಬಳಸಿದ್ದನು. ಮೂಲದಲ್ಲಿರುವ ಪದ ಏಕವಚನ, ಸಾಗಣೆ ಒಂದೇ, ಅದು ಬಂದ ಊರೂ ಹೆಸರಿಸಲ್ಪಟ್ಟಿದೆ. ಒಂದು ಸಾಗಣೆಯನ್ನು ಹೀಗೆ ಬೇರ್ಪಡಿಸಿ ಹೇಳಬೇಕಾದರೆ ಉಳಿದವುಗಳ ಗತಿ ಬೇರೆಯಾಗಿತ್ತೆಂದೇ ಊಹಿಸಬೇಕಾಗುತ್ತದೆ. ಆ ಸಾಗಣೆಯವರನ್ನಾದರೋ ದೂರವಾಣಿ ಕರೆಗೆ ಮುಂಚೆ ಅದೇ ಮುಂಜಾನೆ ರೀಗಾ ನಗರದ ಬಳಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಮರುದಿನದ ಮತ್ತೊಂದು ಟಿಪ್ಪಣಿಯಲ್ಲಿ ‘ಹಾಬೆನ್’ ಎಂಬ ಜರ್ಮನ್ ಕ್ರಿಯಾಪದವನ್ನು ಇರ್ವಿಂಗ್ ‘ಯೂಡೆನ್’, ಎಂದರೆ ಯೆಹೂದ್ಯರು, ಎಂದು ಓದಿದ್ದನು. ಒಂದು ಪದದ ಓದಿನಿಂದ ವಾಕ್ಯದ ವಿಷಯವೇ ಬದಲಾಗಿತ್ತು.

ಎರಡನೆಯದು ೧೯೪೫ನೆಯ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ನಗರದ ಮೇಲೆ ನಡೆದ ಬಾಂಬು ದಾಳಿಯಲ್ಲಿ ಸತ್ತವರ ಸಂಖ್ಯೆ. ಪೋಲೀಸು ಇಲಾಖೆಯ ದಿನದ ಆಜ್ಞೆಯೆಂದು ಹೇಳಲಾದ ಒಂದು ಕಾಗದದಲ್ಲಿ ೨,೦೨,೦೪೦ ಎಂಬ ಸಂಖ್ಯೆಯಿತ್ತು. ಅದು ಮೂಲವಲ್ಲ, ಕೈಯಿಂದ ಕೈಗೆ ಬಂದ ಪ್ರತಿ. ಅನಂತರ ದೊರೆತ ನಿಜವಾದ ದಾಖಲೆಗಳಲ್ಲಿದ್ದುದು ೨೦,೨೦೪. ಕೊನೆಯಲ್ಲಿ ಒಂದು ಸೊನ್ನೆಯನ್ನು ಸೇರಿಸಿ ಸಂಖ್ಯೆಯನ್ನು ಹತ್ತರಷ್ಟು ಮಾಡಲಾಗಿತ್ತು. ೧೯೬೬ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹೊಸ ದಾಖಲೆಯ ವಿಷಯವನ್ನು ತಿಳಿಸಿದವನು ಇರ್ವಿಂಗನೇ. ಆದರೂ ಆಮೇಲೆ ಅವನು ಲಕ್ಷದ ಮೇಲಿನ ಸಂಖ್ಯೆಗಳನ್ನೇ ಹೇಳುತ್ತ ಬಂದನು. ಡ್ರೆಸ್ಡೆನ್ ನಗರವು ನೇಮಿಸಿದ ಇತಿಹಾಸಕಾರರ ಮಂಡಲಿಯು ೨೦೧೦ರಲ್ಲಿ ಸತ್ತವರು ಹೆಚ್ಚೆಂದರೆ ೨೫,೦೦೦ ಎಂದು ನಿರ್ಣಯಿಸಿತು.

ತಪ್ಪುಗಳನ್ನು ಯಾವ ಲೇಖಕನೂ ಮಾಡಬಹುದು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕೂಡಿಸುವಾಗ ತಪ್ಪು ಬಿದ್ದಿದ್ದರೆ ಕೆಲವು ಗಿರಾಕಿಗೂ ಕೆಲವು ಅಂಗಡಿಯವನಿಗೂ ಅನುಕೂಲವಾಗಿರುತ್ತವೆ. ಎಲ್ಲ ತಪ್ಪುಗಳೂ ಅಂಗಡಿಯವನ ಕಡೆಗೇ ವಾಲಿದ್ದರೆ ಅದನ್ನು ಕೈತಪ್ಪು ಎನ್ನಲಾಗದು. ಇರ್ವಿಂಗನ ತಪ್ಪುಗಳು ಹಿಟ್ಲರನನ್ನು ನಿರ್ದೋಷಿಯಾಗಿಸುವ ಒಂದೇ ದಿಕ್ಕಿಗೆ ವಾಲಿದ್ದವೆಂಬುದನ್ನು ವರದಿ ಸಾಲುಸಾಲಾಗಿ ತೋರಿಸಿತು. ೨೦೦೦ದ ಏಪ್ರಿಲ್ ೧೧ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ಅವರು ಪ್ರತಿವಾದಿಗಳ ಪರವಾಗಿ ತೀರ್ಪಿತ್ತರು. ಇರ್ವಿಂಗ್ ತನ್ನ ಸಿದ್ಧಾಂತದ ಸಲುವಾಗಿ ಐತಿಹಾಸಿಕ ಆಧಾರಗಳನ್ನು ಬುದ್ಧಿಪೂರ್ವಕವಾಗಿ, ಮತ್ತೆಮತ್ತೆ, ತಿರುಚಿದ್ದನೆಂದು ಅವರು ನಿರ್ಣಯಿಸಿದರು. ಪ್ರತಿವಾದಿಗಳ ಕೆಲವು ಆಪಾದನೆಗಳು ಸಾಬೀತಾಗಲಿಲ್ಲವೆಂಬುದನ್ನೂ ಅದೇ ತೀರ್ಪು ದಾಖಲಿಸಿತು. ಸಾಬೀತಾದ ಮುಖ್ಯ ಆಪಾದನೆಗಳ ಮುಂದೆ ಅವುಗಳಿಗೆ ತೂಕವಿಲ್ಲವೆಂದು ಎಣಿಸಿತು. ಮೇಲ್ಮನವಿಗೆ ಇರ್ವಿಂಗ್ ಕೇಳಿದ ಅನುಮತಿ ೨೦೦೧ರಲ್ಲಿ ನಿರಾಕೃತವಾಯಿತು.

೫. ಹಲವು ಪ್ರಮಾಣಗಳ ಸಂಗಮ

ವಾನ್ ಪೆಲ್ಟ್ ಅವರ ವರದಿಯಿಂದ ಕಲಿಯಬೇಕಾದುದು ಬೇರೆ. ಆಷ್‌ವಿಟ್ಸಿನ ವಿಷಗಾಳಿಯ ಕೊಠಡಿಯ ಕುಸಿದ ಛಾವಣಿಯಲ್ಲಿ ವಿಷವನ್ನು ಸುರಿಯುವ ರಂಧ್ರಗಳು ಕಾಣುವುದಿಲ್ಲವೆಂಬ ಒಂದೇ ಅಂಶವನ್ನು ಹಿಡಿದು ಇರ್ವಿಂಗ್ ಇಡೀ ಕಥನವನ್ನು ಅಲ್ಲಗಳೆಯಲು ಯತ್ನಿಸಿದನು. ವಾನ್ ಪೆಲ್ಟ್ ಯಾವ ಒಂದು ಆಧಾರವನ್ನೂ ಏಕೈಕ ಕಂಬವಾಗಿ ನಿಲ್ಲಿಸಿರಲಿಲ್ಲ. ಕಟ್ಟಡದ ನಕ್ಷೆಗಳು, ಗುತ್ತಿಗೆದಾರರೊಡನೆ ನಡೆದ ಪತ್ರವ್ಯವಹಾರ, ಬದುಕುಳಿದವರ ಹೇಳಿಕೆಗಳು, ಶಿಬಿರದ ಅಧಿಕಾರಿಗಳ ಒಪ್ಪಿಗೆಗಳು, ಛಾಯಾಚಿತ್ರಗಳು ಇವು ಒಂದನ್ನೊಂದು ಅವಲಂಬಿಸದೆ ಒಂದೇ ನಿರ್ಣಯದ ಕಡೆಗೆ ಬರುವುದನ್ನು ಅವರು ತೋರಿಸಿದರು. ಸಮಕಾಲೀನ ಕಾಗದಗಳಲ್ಲಿ ಸ್ಪಷ್ಟವಾದ ಉಲ್ಲೇಖ ಕಡಮೆಯೆಂದು ಒಪ್ಪಿಕೊಂಡೇ ನ್ಯಾಯಮೂರ್ತಿಗಳು ಆಧಾರಗಳ ಒಟ್ಟು ತೂಕವನ್ನು ಮನ್ನಿಸಿದರು.

ಇದೇ ತತ್ತ್ವ ನಮ್ಮ ದೇಶದ ಒಂದು ನಟರಾಜ ವಿಗ್ರಹದ ವಿಷಯದಲ್ಲಿಯೂ ಕೆಲಸಮಾಡಿತು. ತಂಜಾವೂರು ಸೀಮೆಯ ಪತ್ತೂರಿನಲ್ಲಿ ೧೯೭೬ರಲ್ಲಿ ನೆಲದಿಂದ ದೊರೆತ ಚೋಳರ ಕಾಲದ ನಟರಾಜನು ಕೈಗಳು ಬದಲಾಗಿ ಲಂಡನ್ನಿಗೆ ಹೋದನು. ಲಂಡನ್ನಿನ ವಿಗ್ರಹವೇ ಪತ್ತೂರಿನದೆಂದು ಸ್ಥಾಪಿಸಬೇಕಾಗಿತ್ತು. ತಮಿಳುನಾಡಿನ ಪುರಾತತ್ತ್ವಜ್ಞ ಆರ್. ನಾಗಸ್ವಾಮಿಯವರು ಅದೇ ಊರಿನಲ್ಲಿ ದೊರೆತ ಇತರ ಕಂಚಿನ ವಿಗ್ರಹಗಳೊಡನೆ ಅದರ ಶೈಲಿಯ ಸಂಬಂಧವನ್ನು ವಿವರಿಸಿ ಸಾಕ್ಷ್ಯ ನುಡಿದರು. ಶೈಲಿಯೊಂದೇ ಆಗಿದ್ದರೆ ಅದು ಅಭಿರುಚಿಯ ಮಾತೆಂದು ತಳ್ಳಿಬಿಡಬಹುದಾಗಿತ್ತು. ಲೋಹ ಮತ್ತು ಮಣ್ಣಿನ ಪರೀಕ್ಷೆಗಳೂ ವಿಚಾರಣೆಗೆ ಬಂದವು. ೧೯೮೮ರಲ್ಲಿ ತೀರ್ಪು ಭಾರತದ ಕಡೆಗಾಯಿತು. ೧೯೯೧ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ನಟರಾಜನು ಸ್ವದೇಶಕ್ಕೆ ಮರಳಿದನು.

೬. ಸಾಕ್ಷ್ಯವು ಕುಸಿಯುವ ಬಗೆ

ಗೆದ್ದವುಗಳಿಂದ ಕಲಿಯುವಷ್ಟೇ ಕುಸಿದವುಗಳಿಂದಲೂ ಕಲಿಯಬೇಕಾಗಿದೆ. ಅಮೆರಿಕದ ಸಮಾನೋದ್ಯೋಗಾವಕಾಶ ಆಯೋಗವು ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಮೇಲೆ ದಾವೆ ಹೂಡಿ, ಹೆಚ್ಚಿನ ಗಳಿಕೆಯ ಮಾರಾಟದ ಉದ್ಯೋಗಗಳಲ್ಲಿ ಸ್ತ್ರೀಯರಿಗೆ ಅನ್ಯಾಯವಾಗಿದೆಯೆಂದು ವಾದಿಸಿತು. ಸಂಸ್ಥೆಯ ಕಡೆಗೆ ರೊಸಾಲಿಂಡ್ ರೋಸೆನ್‌ಬರ್ಗ್, ಆಯೋಗದ ಕಡೆಗೆ ಆಲಿಸ್ ಕೆಸ್ಲರ್-ಹ್ಯಾರಿಸ್, ಇಬ್ಬರೂ ಸ್ತ್ರೀಯರ ಇತಿಹಾಸವನ್ನು ಅಭ್ಯಾಸಮಾಡಿದವರು, ಎದುರುಬದುರಾಗಿ ಸಾಕ್ಷ್ಯ ನುಡಿದರು. ಪುರುಷರ ಮತ್ತು ಸ್ತ್ರೀಯರ ಉದ್ಯೋಗಾಸಕ್ತಿಗಳು ಚರಿತ್ರೆಯಲ್ಲಿ ಭಿನ್ನವಾಗಿದ್ದುವೆಂದು ಮೊದಲನೆಯವರು ಹೇಳಿದರು. ಅವಕಾಶ ದೊರೆತಾಗಲೆಲ್ಲ ಸ್ತ್ರೀಯರು ಅಂಥ ಕೆಲಸಗಳನ್ನು ಹಿಡಿದಿದ್ದಾರೆಂದು ಎರಡನೆಯವರು ಉತ್ತರ ಕೊಟ್ಟರು. ಆದರೆ ಕೆಸ್ಲರ್-ಹ್ಯಾರಿಸ್ ಅವರು ಹಿಂದೆ ಪುಸ್ತಕಗಳಲ್ಲಿ ಬರೆದ ಹೆಚ್ಚು ಸಮತೋಲದ ಮಾತುಗಳನ್ನೇ ಪ್ರತಿಪಕ್ಷವು ಅವರ ಸಾಕ್ಷ್ಯಕ್ಕೆ ಎದುರಾಗಿ ಇಟ್ಟಿತು. ೧೯೮೬ರ ತೀರ್ಪು ಅವರ ಹೇಳಿಕೆಗಳು ಅತಿವ್ಯಾಪ್ತವಾದುವೆಂದು ಬದಿಗಿರಿಸಿತು. ೧೯೮೮ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಸ್ಥಿರಪಡಿಸಿತು. ಅನ್ಯಾಯಕ್ಕೊಳಗಾದ ಒಬ್ಬ ಸ್ತ್ರೀಯನ್ನೂ ಸಾಕ್ಷಿಯಾಗಿ ಕರೆಯದೆ ಆಯೋಗವು ಅಂಕಿಅಂಶಗಳನ್ನೇ ನೆಚ್ಚಿದ್ದುದು ಸೋಲಿಗೆ ದೊಡ್ಡ ಕಾರಣವೆಂಬುದನ್ನು ಮರೆಯಬಾರದು. ಆದರೂ ‘ಯಾವಾಗಲೂ’, ‘ಎಂದಿಗೂ’, ‘ಎಲ್ಲರೂ’ ಎಂಬ ಮಾತುಗಳು ಒಂದೇ ಪ್ರತಿನಿದರ್ಶನಕ್ಕೆ ಬಿದ್ದುಹೋಗುತ್ತವೆ ಎಂಬ ಪಾಠವು ಇತಿಹಾಸಕಾರರಿಗೆ ಮಿಕ್ಕಿತು.

ನಮ್ಮಲ್ಲಿಯ ನಿದರ್ಶನ ಅಯೋಧ್ಯೆಯ ಮೊಕದ್ದಮೆ. ೨೦೧೦ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ತಜ್ಞರಾಗಿ ಬಂದ ಕೆಲವರು ಸ್ವತಂತ್ರವಾದ ಅಧ್ಯಯನವನ್ನು ಮಾಡದೆ, ಪರರ ಬರಹಗಳನ್ನೇ ನೆಚ್ಚಿ, ತಮ್ಮ ವಿಶೇಷ ಕ್ಷೇತ್ರಕ್ಕೆ ಹೊರಗಾದ ವಿಷಯಗಳಲ್ಲಿ ಅಭಿಪ್ರಾಯ ಕೊಟ್ಟಿದ್ದರೆಂದು ಕಠಿನವಾಗಿ ಟೀಕಿಸಿತು. ೨೦೧೯ನೆಯ ನವೆಂಬರ್ ೯ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ವರು ಇತಿಹಾಸಕಾರರ ವರದಿಯೊಂದನ್ನು ಅಭಿಪ್ರಾಯವೆಂದಷ್ಟೇ ಎಣಿಸಿತು. ೨೦೦೩ರ ಉತ್ಖನನದ ಫಲಿತಾಂಶವು ಆ ವರದಿ ಬರೆದವರ ಮುಂದಿರಲಿಲ್ಲವೆಂಬುದನ್ನು ಎತ್ತಿ ಹೇಳಿತು. ಗೆಜೆಟಿಯರುಗಳಲ್ಲಿಯ ಹೇಳಿಕೆಯಿಂದ ಮಾತ್ರ ಸ್ವತ್ತಿನ ಹಕ್ಕು ನಿರ್ಣಯವಾಗದೆಂದೂ ಎಚ್ಚರಿಸಿತು. ಆ ತೀರ್ಪುಗಳ ಒಟ್ಟು ಫಲದ ಚರ್ಚೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಹೊರಗು. ತಜ್ಞನ ಕೆಲಸದ ದೃಷ್ಟಿಯಿಂದ ಗಮನಿಸಬೇಕಾದುದೇನೆಂದರೆ, ಪ್ರಸಿದ್ಧರೆಂಬ ಕಾರಣದಿಂದ ಯಾರಿಗೂ ಪರೀಕ್ಷೆಯಿಂದ ವಿನಾಯತಿ ದೊರೆಯಲಿಲ್ಲ.

೭. ವರದಿಯ ರಚನೆ

ಮೇಲಿನ ನಿದರ್ಶನಗಳಿಂದ ವರದಿ ಬರೆಯುವವರಿಗೆ ಕೆಲವು ನಿಯಮಗಳು ಒದಗುತ್ತವೆ.

ಮೊದಲನೆಯದಾಗಿ, ತನ್ನನ್ನು ಕೇಳಿದ ಪ್ರಶ್ನೆ ಯಾವುದೆಂಬುದನ್ನು ವರದಿಯ ಆದಿಯಲ್ಲಿಯೇ ಬರೆಯಬೇಕು. ಈ ಶಾಸನ ಯಾವ ಶತಮಾನದ್ದೆಂಬುದು ಇತಿಹಾಸಕಾರನ ಪ್ರಶ್ನೆ. ಈ ಭೂಮಿ ಯಾರದೆಂಬುದು ನ್ಯಾಯಾಲಯದ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹೇಳಹೊರಟ ತಜ್ಞನು ಮೊದಲನೆಯದರಲ್ಲಿ ಗಳಿಸಿದ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ.

ಎರಡನೆಯದಾಗಿ, ಆಧಾರಗಳನ್ನು ಪೂರ್ಣವಾಗಿ ಕೊಡಬೇಕು. ದಸ್ತಾವೇಜು ಎಲ್ಲಿ ದೊರೆಯಿತು, ಯಾರ ವಶದಲ್ಲಿತ್ತು, ಮೂಲವೋ ಪ್ರತಿಯೋ, ತಾನು ಮೂಲವನ್ನು ಕಂಡಿರುವನೋ ಇಲ್ಲವೋ ಎಂಬುದನ್ನು ತಿಳಿಸಬೇಕು. ಛಾಯಾಚಿತ್ರ, ಅಕ್ಷರಶಃ ಪಾಠ, ಅನುವಾದ ಇವು ಮೂರನ್ನೂ ಬೇರೆಬೇರೆಯಾಗಿ ಒದಗಿಸಬೇಕು. ಅಳಿಸಿಹೋದ ಅಕ್ಷರವನ್ನು ಊಹೆಯಿಂದ ತುಂಬಿದ್ದರೆ ಅದನ್ನು ಕಂಸದಲ್ಲಿ ತೋರಿಸುವುದು ಶಾಸನ ಸಂಪಾದಕರ ರೂಢಿ. ನ್ಯಾಯಾಲಯಕ್ಕೆ ಕೊಡುವ ಪಾಠದಲ್ಲಿ ಅದು ಅಗತ್ಯ. ಮೂವತ್ತು ವರ್ಷಗಳಿಗೆ ಹಿಂದಿನದಾಗಿ ಯೋಗ್ಯ ವಶದಿಂದ ಬಂದ ದಸ್ತಾವೇಜನ್ನು ನ್ಯಾಯಾಲಯವು ನೈಜವೆಂದು ಭಾವಿಸಬಹುದೆಂಬ ವಿಧಿ ನಮ್ಮಲ್ಲಿದೆ. ಆದರೆ ಹಳೆಯದು ಎಂಬುದರಿಂದ ಮಾತ್ರ ಅದರೊಳಗಿನ ಮಾತು ನಿಜವಾಗುವುದಿಲ್ಲ, ಕೂಟಶಾಸನಗಳೂ ಹಳೆಯವೇ.

ಮೂರನೆಯದಾಗಿ, ಕಂಡುದನ್ನೂ ಊಹಿಸಿದುದನ್ನೂ ಬೆರಸಬಾರದು. ‘ಕಲ್ಲಿನಲ್ಲಿ ಹೀಗಿದೆ’, ‘ಇದರಿಂದ ಹೀಗೆ ತಿಳಿಯುತ್ತದೆ’, ‘ಹೀಗಿದ್ದಿರುವುದು ಸಂಭವ’ ಎಂಬ ಮೂರು ಬಗೆಯ ವಾಕ್ಯಗಳು ವರದಿಯ ಉದ್ದಕ್ಕೂ ಪ್ರತ್ಯೇಕವಾಗಿ ಗುರುತಿಗೆ ಸಿಗುವಂತಿರಬೇಕು. ಸಿವಿಲ್ ವ್ಯಾಜ್ಯದಲ್ಲಿ ಸಂಭವದ ಹೆಚ್ಚುಕಡಮೆಯಿಂದಲೇ ನಿರ್ಣಯವಾಗುವುದರಿಂದ ‘ಸಂಭವ’ ಎಂಬ ಮಾತು ದೌರ್ಬಲ್ಯವಲ್ಲ. ಅದರ ಪ್ರಮಾಣವೆಷ್ಟು, ಏತಕ್ಕೆ, ಎಂಬುದನ್ನು ಹೇಳದಿರುವುದೇ ದೌರ್ಬಲ್ಯ.

ನಾಲ್ಕನೆಯದಾಗಿ, ಪ್ರತಿಕೂಲವಾದ ಆಧಾರವನ್ನು ತಾನೇ ಮುಂದಿಡಬೇಕು. ಪ್ರತಿಪಕ್ಷದ ವಕೀಲನು ಅದನ್ನು ಹೊರತೆಗೆದರೆ ಮರೆಮಾಡಿದ್ದೆಂದಾಗುತ್ತದೆ. ತಜ್ಞನೇ ಹೇಳಿ ಅದರ ತೂಕವನ್ನು ವಿವರಿಸಿದರೆ ಪರಾಮರ್ಶೆಯೆಂದಾಗುತ್ತದೆ. ಬೇರೆ ವಿದ್ವಾಂಸರ ಭಿನ್ನಾಭಿಪ್ರಾಯವನ್ನೂ ಹೀಗೆಯೇ ನಮೂದಿಸಬೇಕು.

ಐದನೆಯದಾಗಿ, ಬರೆಯುವುದಕ್ಕೆ ಮುನ್ನ ತನ್ನ ಹಳೆಯ ಬರಹಗಳನ್ನೆಲ್ಲ ಓದಿನೋಡಬೇಕು. ಸಾಕ್ಷಿಯ ಹಿಂದಿನ ಲಿಖಿತ ಹೇಳಿಕೆಗಳನ್ನು ಹಿಡಿದು ಪಾಟೀಸವಾಲು ಮಾಡಲು ನಮ್ಮ ಕಾನೂನು ಅವಕಾಶ ಕೊಟ್ಟಿದೆ. ಅಮೆರಿಕದ ಸಂಯುಕ್ತ ನ್ಯಾಯಾಲಯಗಳಲ್ಲಿಯಂತೂ ತಜ್ಞನು ಹಿಂದಿನ ೧೦ ವರ್ಷಗಳ ತನ್ನ ಪ್ರಕಟಣೆಗಳ ಪಟ್ಟಿಯನ್ನೂ ೪ ವರ್ಷಗಳಲ್ಲಿ ನುಡಿದ ಸಾಕ್ಷ್ಯಗಳನ್ನೂ ಪಡೆಯುವ ಸಂಭಾವನೆಯನ್ನೂ ಮೊದಲೇ ತಿಳಿಸಬೇಕು. ಅಭಿಪ್ರಾಯ ಬದಲಾಗಿದ್ದರೆ ಅದಕ್ಕೆ ಕಾರಣವಾದ ಹೊಸ ಆಧಾರವನ್ನು ವರದಿಯಲ್ಲಿಯೇ ಹೇಳುವುದು ಯುಕ್ತ.

ಇವೆಲ್ಲಕ್ಕೂ ಮೇಲಾಗಿ, ವಕೀಲರ ಅಪೇಕ್ಷೆಗೆ ತಕ್ಕಂತೆ ನಿರ್ಣಯವನ್ನು ತಿದ್ದಬಾರದು. ಭಾಷೆಯನ್ನು ತಿಳಿಯಾಗಿಸಿರೆಂದು ಅವರು ಹೇಳಿದರೆ ಕೇಳಬಹುದು. ‘ಬಹುಶಃ’ ಎಂಬುದನ್ನು ತೆಗೆಯಿರೆಂದರೆ ಕೇಳಕೂಡದು.

೮. ಕಟಕಟೆಯಲ್ಲಿ

ವರದಿ ಸರಿಯಾಗಿದ್ದರೆ ಮೌಖಿಕ ಸಾಕ್ಷ್ಯದ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಪಾಟೀಸವಾಲು ಸಾಮಾನ್ಯವಾಗಿ ಮೂರು ದಿಕ್ಕಿನಿಂದ ಬರುತ್ತದೆ: ತಜ್ಞನ ಅರ್ಹತೆ, ಅವನ ಪಕ್ಷಪಾತ, ಅವನ ಆಧಾರ. ಮೊದಲೆರಡಕ್ಕೆ ಸಂಕ್ಷೇಪವಾಗಿ, ಕೋಪವಿಲ್ಲದೆ ಉತ್ತರ ಕೊಟ್ಟು ಮೂರನೆಯದರ ಮೇಲೆ ನಿಲ್ಲುವುದು ಲೇಸು. ಇವಾನ್ಸರು ಇರ್ವಿಂಗನ ಪ್ರಶ್ನೆಯಲ್ಲಿ ಯಾವುದಾದರೂ ದಸ್ತಾವೇಜಿನ ಪ್ರಸ್ತಾಪ ಬಂದರೆ ಅದನ್ನು ತಮ್ಮ ಮುಂದೆ ಇಡುವಂತೆ ಕೇಳಿ, ನೋಡಿದ ಮೇಲೆ ಉತ್ತರಿಸುತ್ತಿದ್ದರು. ಪ್ರಶ್ನೆಯೊಳಗೆ ಅಡಗಿಸಿದ ತಪ್ಪು ನಿರೂಪಣೆಗೆ ಒಪ್ಪಿಗೆ ಕೊಟ್ಟುಬಿಡದಂತೆ ಕಾಯುವ ಉಪಾಯ ಇದಕ್ಕಿಂತ ಉತ್ತಮವಾದುದಿಲ್ಲ.

‘ತಿಳಿಯದು’ ಎಂಬುದು ಕಟಕಟೆಯಲ್ಲಿ ಗೌರವದ ಉತ್ತರ. ‘ಅದು ನನ್ನ ವ್ಯಾಸಂಗದ ವಿಷಯವಲ್ಲ’ ಎಂಬುದೂ ಹಾಗೆಯೇ. ಎದುರು ಪಕ್ಷದ ಮಾತು ಸರಿಯಾಗಿದ್ದರೆ ಒಪ್ಪಿಕೊಳ್ಳಬೇಕು. ಒಂದು ಚಿಕ್ಕ ವಿಷಯವನ್ನು ಬಿಟ್ಟುಕೊಟ್ಟ ಸಾಕ್ಷಿಯ ಉಳಿದ ಮಾತಿಗೆ ಬೆಲೆ ಹೆಚ್ಚುತ್ತದೆ. ಹೌದು ಅಥವಾ ಅಲ್ಲ ಎಂದಷ್ಟೇ ಹೇಳಿರೆಂದು ಒತ್ತಾಯ ಬಂದಾಗ, ಆ ಉತ್ತರದಿಂದ ಅಪಾರ್ಥವಾಗುವುದಾದರೆ ವಿವರಿಸಲು ಅನುಮತಿಯನ್ನು ನ್ಯಾಯಾಧೀಶರಿಂದ ಕೇಳಬಹುದು. ವಿದ್ವಾಂಸರಿಗೆ ಸಹಜವಾದ ವಾದಪ್ರೀತಿ ಮಾತ್ರ ಅಲ್ಲಿ ಅಪಾಯಕರ. ವಾದಿಸುವುದು ವಕೀಲರ ಕೆಲಸ.

೯. ಉಪಸಂಹಾರ

ನ್ಯಾಯಾಲಯದ ಸತ್ಯವೂ ಇತಿಹಾಸದ ಸತ್ಯವೂ ಒಂದೇ ಅಲ್ಲ. ನ್ಯಾಯಾಲಯವು ತನ್ನ ಮುಂದೆ ಬಂದ ಆಧಾರದಿಂದ, ಒಂದು ದಿನ, ವ್ಯಾಜ್ಯವನ್ನು ಮುಗಿಸಲೇಬೇಕು. ಇತಿಹಾಸದ ಶೋಧನೆ ಮುಗಿಯುವುದಿಲ್ಲ. ನ್ಯಾಯಮೂರ್ತಿ ಗ್ರೇ ಅವರೂ ತಾವು ಇತಿಹಾಸವನ್ನು ನಿರ್ಣಯಿಸುತ್ತಿಲ್ಲವೆಂದೂ ಲೇಖಕನೊಬ್ಬನು ಆಧಾರಗಳನ್ನು ಬಳಸಿದ ರೀತಿಯನ್ನು ಮಾತ್ರ ಪರೀಕ್ಷಿಸುತ್ತಿರುವುದಾಗಿಯೂ ತಿಳಿಸಿದ್ದರು. ಆ ಕಾರಣದಿಂದ, ನ್ಯಾಯಾಲಯಕ್ಕೆ ಹೋಗುವುದೇ ಇತಿಹಾಸಕಾರನಿಗೆ ತಕ್ಕುದಲ್ಲವೆಂದು ಹೇಳುವವರುಂಟು. ಆದರೆ ಬಲ್ಲವರು ದೂರ ಉಳಿದರೆ ಆ ಸ್ಥಳ ಬರಿದಾಗಿರುವುದಿಲ್ಲ. ಅರೆಬಲ್ಲವರು ಅದನ್ನು ತುಂಬುತ್ತಾರೆ.

ಪಾಟೀಸವಾಲಿಗೆ ನಿಲ್ಲುವ ವರದಿಯ ಗುಣಗಳೆಂದು ಮೇಲೆ ಹೇಳಿದುವೆಲ್ಲ ಒಳ್ಳೆಯ ಪ್ರಬಂಧದ ಗುಣಗಳೇ ಆಗಿವೆ. ಮೂಲವನ್ನು ನೋಡದೆ ಉಲ್ಲೇಖಿಸಬಾರದು, ಪ್ರತಿಕೂಲವಾದುದನ್ನು ಬಿಡಬಾರದು, ತಿಳಿದಷ್ಟನ್ನೇ ಹೇಳಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತಲೇ ಇರುತ್ತೇವೆ. ಆದರೆ ಪರೀಕ್ಷಿಸುವವರಿಲ್ಲದೆ ಅವು ಎಷ್ಟೋ ವೇಳೆ ಉಪದೇಶವಾಗಿಯೇ ಉಳಿಯುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಒಂದು ಅಧ್ಯಾಯದ ಅಡಿಟಿಪ್ಪಣಿಗಳನ್ನು ಪರಸ್ಪರ ಬದಲಿಸಿಕೊಂಡು, ಒಂದೊಂದನ್ನೂ ಮೂಲದೊಡನೆ ತಾಳೆನೋಡಿ, ತರಗತಿಯಲ್ಲಿ ಪ್ರಶ್ನೋತ್ತರ ನಡೆಸುವ ಅಭ್ಯಾಸವನ್ನು ನಮ್ಮ ಕಾಲೇಜುಗಳು ಇಟ್ಟುಕೊಳ್ಳಬಹುದು. ಅದರಿಂದ ಮುಂದೆಂದೋ ಕರೆ ಬರಬಹುದಾದ ತಜ್ಞಸಾಕ್ಷಿ ಸಿದ್ಧನಾಗುತ್ತಾನೆ. ಆ ಕರೆ ಬಾರದಿದ್ದರೂ ನಂಬತಕ್ಕ ಇತಿಹಾಸಕಾರನಂತೂ ಸಿದ್ಧನಾಗುತ್ತಾನೆ.